ಮಾತ್ರೆ ನುಂಗಿದರೂ ಮರಳುವ ತುರಿಕೆ: ಯೋನಿಯ ಉರಿಯೂತ ಯಾಕೆ ಬಿಟ್ಟು ಹೋಗುವುದಿಲ್ಲ?

ಮೆಡಿಕಲ್ ಶಾಪಿಗೆ ಹೋಗಿ, ಪಕ್ಕದಲ್ಲಿ ಗಂಡಸರು ಯಾರೂ ಇಲ್ಲ ಅಂತ ನೋಡಿಕೊಂಡು, "ಬಿಳಿ ಹೋಗ್ತಿದೆ, ತುರಿಕೆನೂ ಇದೆ" ಅಂದರೆ ಸಾಕು. ಬಹಳ ಕಡೆ ಒಂದು ಪುಟ್ಟ ಕಿಟ್ ಕೈಗೆ ಬರುತ್ತದೆ. ಒಂದೇ ಪ್ಯಾಕಿನಲ್ಲಿ ಮೂರು ಔಷಧಿ. ಫಂಗಸ್‌ಗೆ ಫ್ಲುಕೊನಜೋಲ್, ಲೈಂಗಿಕವಾಗಿ ಹರಡುವ ಕೆಲವು ಬ್ಯಾಕ್ಟೀರಿಯಾಗಳಿಗೆ ಅಜಿಥ್ರೋಮೈಸಿನ್, ಉಳಿದದ್ದಕ್ಕೆ ಸೆಕ್ನಿಡಜೋಲ್. ಇರುವುದು ಯಾವ ತೊಂದರೆ ಅಂತ ಯಾರೂ ನೋಡಿಲ್ಲ. ಆದರೆ ಎಲ್ಲದಕ್ಕೂ ಮದ್ದು ಆಯಿತು.

ಕೆಲವರಿಗೆ ಅಲ್ಲಿಗೇ ವಾಸಿಯಾಗುತ್ತದೆ. ಕೆಲವರಿಗೆ ಒಂದಿಷ್ಟು ದಿನ ಆರಾಮ, ಆಮೇಲೆ ಮತ್ತೆ ಅದೇ ಉರಿ, ಅದೇ ವಾಸನೆ, ಮತ್ತೆ ಅದೇ ಕಿಟ್. ಹೀಗೆ ವರ್ಷಗಟ್ಟಲೆ ಎಳೆಯುವವರು ನಮ್ಮ ಸುತ್ತ ತುಂಬಾ ಜನ ಇದ್ದಾರೆ. ಅವರು ಹೇಳಿಕೊಳ್ಳುವುದಿಲ್ಲ, ಅಷ್ಟೇ. ಈ ತೊಂದರೆ ಬಿಡದೆ ಕಾಡುವುದಕ್ಕೆ ರೋಗದ ಹಟ ಒಂದು ಕಾರಣ, ನಿಜ. ಆದರೆ ಬಹಳ ಸಲ ಕಾರಣ ಇನ್ನೂ ಸರಳ: ಯಾವ ರೋಗ ಅಂತ ಯಾರೂ ಒಮ್ಮೆಯೂ ಪರೀಕ್ಷೆ ಮಾಡಿಯೇ ಇರುವುದಿಲ್ಲ.

ಮೊದಲು, ರೋಗವೇ ಅಲ್ಲದ್ದನ್ನು ಪಕ್ಕಕ್ಕಿಡೋಣ. ಯೋನಿಯಲ್ಲಿ ಸ್ವಲ್ಪ ಸ್ರಾವ ಇರಲೇಬೇಕು. ಈಸ್ಟ್ರೋಜನ್ ಹಾರ್ಮೋನಿನಿಂದಾಗಿ ಯೋನಿಯ ಒಳಪದರದಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯಂಥ ಪದಾರ್ಥ ಸೇರಿರುತ್ತದೆ. ಅದನ್ನು ಬಳಸಿಕೊಂಡು ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಹಾಗಾಗಿ ಅಲ್ಲಿನ ಪಿಎಚ್ ಸುಮಾರು 3.8ರಿಂದ 4.5ರೊಳಗೆ, ಅಂದರೆ ಹುಳಿಯಾಗಿಯೇ ಇರುತ್ತದೆ. ಈ ಹುಳಿಯೇ ಕಾವಲು. ತಿಂಗಳ ಮಧ್ಯದಲ್ಲಿ ಸ್ರಾವ ತಿಳಿಯಾಗಿ ಎಳೆಎಳೆಯಾಗಿ ಬರುತ್ತದೆ, ಮುಟ್ಟಿನ ಮುಂಚೆ ಗಟ್ಟಿಯಾಗಿ ಬಿಳಿಯಾಗಿರುತ್ತದೆ, ಬಸುರಿನಲ್ಲಿ ಜಾಸ್ತಿಯಾಗುತ್ತದೆ. ತುರಿಕೆ, ಉರಿ, ಕೆಟ್ಟ ವಾಸನೆ ಇಲ್ಲದಿದ್ದರೆ ಇದಕ್ಕೆ ಮದ್ದು ಬೇಡ. ಬಿಳಿ ಸೆರಗು ಹೋದರೆ ಮೂಳೆ ಕರಗುತ್ತದೆ, ಮೈಯ ಶಕ್ತಿಯೆಲ್ಲ ಇಳಿದುಹೋಗುತ್ತದೆ ಅನ್ನುವ ಮಾತು ನಮ್ಮ ಊರುಗಳಲ್ಲಿ ಈಗಲೂ ಓಡಾಡುತ್ತಿದೆ. ಅದು ಸುಳ್ಳು. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿದ ದೊಡ್ಡ ಅಧ್ಯಯನದಲ್ಲಿ ಬಿಳಿ ಸೆರಗಿನ ದೂರಿನ ಜೊತೆ ಸೋಂಕಿಗಿಂತ ಗಟ್ಟಿಯಾಗಿ ತಳಕು ಹಾಕಿಕೊಂಡಿದ್ದು ಮನಸ್ಸಿನ ಸಂಕಟ, ಮನೆಯೊಳಗಿನ ಒತ್ತಡ. ಹಾಗಂತ "ಎಲ್ಲಾ ನಿನ್ನ ಭ್ರಮೆ" ಅಂತ ಯಾರನ್ನೂ ಕಳಿಸುವ ಹಾಗಿಲ್ಲ. ಸೋಂಕು ಇದೆಯೋ ಇಲ್ಲವೋ ಅಂತ ನೋಡಿ ತಿಳಿಯಬೇಕೇ ಹೊರತು ಊಹಿಸುವಂತಿಲ್ಲ ಅನ್ನುವುದಕ್ಕೆ ಇದೂ ಒಂದು ಸಾಕ್ಷಿ.

ಮೀನಿನ ವಾಸನೆಯ ರೋಗ

ಹೆರುವ ವಯಸ್ಸಿನ ಹೆಂಗಸರಲ್ಲಿ ತೊಂದರೆ ಕೊಡುವುದು ಮುಖ್ಯವಾಗಿ ಮೂರು. ಬ್ಯಾಕ್ಟೀರಿಯಲ್ ವಜೈನೋಸಿಸ್, ಕ್ಯಾಂಡಿಡಾ ಅನ್ನುವ ಫಂಗಸ್, ಟ್ರೈಕೊಮೊನಾಸ್ ಅನ್ನುವ ಏಕಕೋಶ ಜೀವಿ. ಹೆಸರು ಮೂರು, ದಾರಿ ಮೂರು, ಮದ್ದೂ ಬೇರೆ ಬೇರೆ.

ಬ್ಯಾಕ್ಟೀರಿಯಲ್ ವಜೈನೋಸಿಸ್ಸನ್ನು ವೈದ್ಯರು ಚಿಕ್ಕದಾಗಿ ಬಿ.ವಿ. ಅನ್ನುತ್ತಾರೆ. ಇದರಲ್ಲಿ ಹೊರಗಿನಿಂದ ಒಬ್ಬ ಶತ್ರು ಬಂದಿರುವುದಿಲ್ಲ. ಲ್ಯಾಕ್ಟೋಬ್ಯಾಸಿಲಸ್‌ಗಳು ಕಡಿಮೆಯಾಗಿ ಗಾರ್ಡ್ನರೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳು ಗುಂಪಾಗಿ ಬೆಳೆದುಬಿಡುತ್ತವೆ. ಪಿಎಚ್ 4.5 ದಾಟುತ್ತದೆ, ಅಂದರೆ ಹುಳಿ ಕಡಿಮೆಯಾಗುತ್ತದೆ. ತೆಳ್ಳಗಿನ ಬೂದು ಬಣ್ಣದ ಸ್ರಾವ, ಮೀನಿನಂಥ ವಾಸನೆ. ಗಂಡನ ಜೊತೆ ಸೇರಿದ ಮೇಲೆ ವಾಸನೆ ಜಾಸ್ತಿ, ಯಾಕೆಂದರೆ ವೀರ್ಯ ಕ್ಷಾರದ ಗುಣದ್ದು. ತುರಿಕೆ ಅಷ್ಟಾಗಿ ಇರುವುದಿಲ್ಲ. ಎಷ್ಟೋ ಜನರಿಗೆ ಯಾವ ಲಕ್ಷಣವೂ ಇರುವುದಿಲ್ಲ.

ಇದು ನಮ್ಮಲ್ಲಿ ಎಷ್ಟು ಸಾಮಾನ್ಯ ಅಂತ ನೋಡಲು ದೂರ ಹೋಗಬೇಕಿಲ್ಲ. ಪೂರ್ಣಿಮಾ ಮಾಧಿವನನ್ ಮತ್ತು ಸಂಗಡಿಗರು ಮೈಸೂರಿನಲ್ಲಿ 15ರಿಂದ 30 ವಯಸ್ಸಿನ ಸುಮಾರು 900 ಹೆಂಗಸರನ್ನು ಪರೀಕ್ಷಿಸಿದ್ದರು. ಹತ್ತಿರ ಹತ್ತಿರ ಐದರಲ್ಲಿ ಒಬ್ಬರಿಗೆ ಬಿ.ವಿ. ಇತ್ತು.

ಮೆಟ್ರೋನಿಡಜೋಲ್ ಮಾತ್ರೆ ಒಂದು ವಾರ ತೆಗೆದುಕೊಂಡರೆ ಹೆಚ್ಚಿನವರಿಗೆ ಇದು ಹೋಗುತ್ತದೆ. ಕಷ್ಟ ಇರುವುದು ಆಮೇಲೆ. ವರ್ಷದೊಳಗೆ ಅರ್ಧಕ್ಕಿಂತ ಜಾಸ್ತಿ ಜನರಿಗೆ ಮರಳುತ್ತದೆ ಅಂತ ಆಸ್ಟ್ರೇಲಿಯಾದ ಅಧ್ಯಯನವೊಂದು 2006ರಲ್ಲೇ ತೋರಿಸಿತ್ತು. ಒಂದು ಕಾರಣ, ಈ ಬ್ಯಾಕ್ಟೀರಿಯಾಗಳು ಬಯೋಫಿಲ್ಮ್ ಕಟ್ಟುತ್ತವೆ. ನೀರಿನ ತೊಟ್ಟಿಯ ಗೋಡೆಗೆ ಅಂಟಿದ ಪಾಚಿಯ ಹಾಗೆ ಒಳಪದರಕ್ಕೆ ಅಂಟಿಕೊಂಡಿರುತ್ತವೆ. ಔಷಧಿ ಮೇಲ್ಮೇಲಿನದನ್ನು ತೊಳೆದರೂ ಬುಡ ಉಳಿಯುತ್ತದೆ.

ಇನ್ನೊಂದು ಕಾರಣವನ್ನು ವೈದ್ಯಲೋಕ ಬಹಳ ಕಾಲ ಒಪ್ಪಿರಲಿಲ್ಲ. ಗಂಡನ ಮೈಮೇಲೂ ಇವೇ ಬ್ಯಾಕ್ಟೀರಿಯಾಗಳು ಇರುತ್ತವೆ. ಅವನಿಗೆ ಏನೂ ಆಗುವುದಿಲ್ಲ, ಆದರೆ ಅವಳಿಗೆ ಮತ್ತೆ ದಾಟಿಸುತ್ತಾನೆ. ಗಂಡಸರಿಗೆ ಮಾತ್ರೆ ಕೊಟ್ಟು ನೋಡಿದ ಹಳೆಯ ಪ್ರಯೋಗಗಳಲ್ಲಿ ಲಾಭ ಕಂಡಿರಲಿಲ್ಲ. ಹಾಗಾಗಿ "ಗಂಡನಿಗೆ ಚಿಕಿತ್ಸೆ ಬೇಡ" ಅಂತಲೇ ಪುಸ್ತಕಗಳು ಹೇಳುತ್ತಿದ್ದವು. 2025ರ ಮಾರ್ಚ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಆಸ್ಟ್ರೇಲಿಯಾದ ಪ್ರಯೋಗ ಈ ಮಾತನ್ನು ತಿರುಗಿಸಿತು. ಬೇರೆ ಸಂಬಂಧ ಇಲ್ಲದ 164 ಜೋಡಿಗಳು. ಹೆಂಗಸರಿಗೆಲ್ಲ ಮಾಮೂಲಿ ಚಿಕಿತ್ಸೆ. ಅರ್ಧದಷ್ಟು ಜೋಡಿಗಳಲ್ಲಿ ಗಂಡಸಿಗೂ ಏಳು ದಿನ ಮೆಟ್ರೋನಿಡಜೋಲ್ ಮಾತ್ರೆ, ಜೊತೆಗೆ ಶಿಶ್ನದ ಚರ್ಮಕ್ಕೆ ಹಚ್ಚಲು ಕ್ಲಿಂಡಾಮೈಸಿನ್ ಕ್ರೀಮ್. ಹನ್ನೆರಡು ವಾರದಲ್ಲಿ, ಹೆಂಗಸಿಗೆ ಮಾತ್ರ ಮದ್ದು ಕೊಟ್ಟ ಗುಂಪಿನಲ್ಲಿ ಶೇ. 63 ಜನರಿಗೆ ರೋಗ ಮರಳಿತ್ತು. ಇಬ್ಬರಿಗೂ ಕೊಟ್ಟ ಗುಂಪಿನಲ್ಲಿ ಶೇ. 35. ವ್ಯತ್ಯಾಸ ಎಷ್ಟಿತ್ತೆಂದರೆ ಪ್ರಯೋಗವನ್ನು ಮುಂಚೆಯೇ ನಿಲ್ಲಿಸಬೇಕಾಯಿತು. ಹಳೆಯ ಪ್ರಯೋಗಗಳಿಗೂ ಇದಕ್ಕೂ ಇದ್ದ ಮುಖ್ಯ ವ್ಯತ್ಯಾಸ ಆ ಕ್ರೀಮ್. ಅಲ್ಲಿ ಬರೀ ಮಾತ್ರೆ ಇತ್ತು.

ಇದು ದೊಡ್ಡ ಸುದ್ದಿ. ಆದರೆ ನಮ್ಮ ಮನೆಗಳಲ್ಲಿ ಇದನ್ನು ಜಾರಿಗೆ ತರುವುದು ಸುಲಭ ಅಲ್ಲ ಅಲ್ವಾ? "ನನಗೇನೂ ಆಗಿಲ್ಲ, ನಾನ್ಯಾಕೆ ಮಾತ್ರೆ ತಗೊಳ್ಳಲಿ" ಅನ್ನುವ ಗಂಡ ಒಂದು ಕಡೆ. "ಹಾಗಾದರೆ ಇವನು ಎಲ್ಲಿಂದ ತಂದ?" ಅಥವಾ ಅದಕ್ಕಿಂತ ಅಪಾಯದ "ಇವಳು ಎಲ್ಲಿಂದ ತಂದಳು?" ಅನ್ನುವ ಅನುಮಾನ ಇನ್ನೊಂದು ಕಡೆ. ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು. ಬಿ.ವಿ. ಬಂದಿದೆ ಅನ್ನುವುದು ಯಾರ ನಡತೆಗೂ ಸಾಕ್ಷಿ ಅಲ್ಲ. ಒಬ್ಬರಿಗೊಬ್ಬರು ನಿಷ್ಠರಾಗಿರುವ ಜೋಡಿಗಳಲ್ಲೇ ಆ ಪ್ರಯೋಗ ನಡೆದಿದ್ದು. ಪದೇ ಪದೇ ಬಿ.ವಿ. ಬರುತ್ತಿದ್ದರೆ ಗಂಡನನ್ನೂ ಕರೆದುಕೊಂಡು ಹೋಗಿ, ವೈದ್ಯರ ಬಾಯಿಂದಲೇ ಈ ಮಾತು ಹೇಳಿಸುವುದು ಒಳ್ಳೆಯದು. ಅದೂ ಸಾಲದಿದ್ದರೆ ಮೆಟ್ರೋನಿಡಜೋಲ್ ಜೆಲ್ಲನ್ನು ವಾರಕ್ಕೆ ಎರಡು ಸಲ, ನಾಲ್ಕಾರು ತಿಂಗಳು ಬಳಸುವ ಪದ್ಧತಿ ಇದೆ.

ಸಕ್ಕರೆ ಮಾತ್ರೆ ಮತ್ತು ಫಂಗಸ್

ಫಂಗಸ್ ಸೋಂಕಿನ ಚಹರೆ ಬೇರೆ. ವಿಪರೀತ ತುರಿಕೆ, ಹೊರಭಾಗ ಕೆಂಪಾಗಿ ಊದುವುದು, ಮೂತ್ರ ತಾಗಿದರೆ ಉರಿ. ಒಡೆದ ಹಾಲಿನಂತೆ ಗಂಟುಗಂಟಾದ ಬಿಳಿ ಸ್ರಾವ ಅಂತ ಎಲ್ಲರೂ ವರ್ಣಿಸುತ್ತಾರೆ, ಆದರೆ ಅದು ಎಲ್ಲರಿಗೂ ಇರುವುದಿಲ್ಲ. ಕೆಟ್ಟ ವಾಸನೆ ಇಲ್ಲ, ಪಿಎಚ್ ಮಾಮೂಲಿಯಾಗೇ ಇರುತ್ತದೆ. ನಾಲ್ಕರಲ್ಲಿ ಮೂರು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ವರ್ಷದೊಳಗೆ ಮೂರು ಅಥವಾ ಹೆಚ್ಚು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಅಂತ ಕರೆಯುತ್ತಾರೆ.

ಆಂಟಿಬಯೋಟಿಕ್ ಒಂದು ಮುಖ್ಯ ಕಾರಣ. ಅದು ಕಾವಲಿಗಿರುವ ಲ್ಯಾಕ್ಟೋಬ್ಯಾಸಿಲಸ್‌ಗಳನ್ನೂ ಕೊಲ್ಲುತ್ತದೆ, ಫಂಗಸ್‌ಗೆ ಜಾಗ ಸಿಗುತ್ತದೆ. ಮೇಲೆ ಹೇಳಿದ ಮೂರು ಔಷಧಿಯ ಕಿಟ್ಟಿನಲ್ಲೇ ಒಂದು ಆಂಟಿಬಯೋಟಿಕ್ ಇದೆ ಅನ್ನುವುದನ್ನು ನೆನಪಿಡಿ. ಫಂಗಸ್ ಅಂತ ಬಂದವಳಿಗೆ ಬೇಡದ ಅಜಿಥ್ರೋಮೈಸಿನ್ ಕೊಟ್ಟು, ಮುಂದಿನ ಫಂಗಸ್‌ಗೆ ನಾವೇ ಬಾಗಿಲು ತೆರೆದ ಹಾಗಾಗುತ್ತದೆ.

ಎರಡನೆಯದು ಸಕ್ಕರೆ ಕಾಯಿಲೆ. ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಡಯಾಬಿಟಿಸ್ ಇದೆ. ಪದೇ ಪದೇ ತುರಿಕೆ ಅಂತ ಹೋಗಿ ಸಕ್ಕರೆ ಕಾಯಿಲೆ ಮೊದಲ ಸಲ ಪತ್ತೆಯಾಗುವುದು ಅಪರೂಪವೇನಲ್ಲ.

ಈಗ ಇದಕ್ಕೆ ಹೊಸ ತಿರುವೊಂದು ಸೇರಿದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಸಕ್ಕರೆ ಮಾತ್ರೆಗಳನ್ನು ಗಮನಿಸಿರಬಹುದು. ಇವು ರಕ್ತದ ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಹಾಕುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯದು ಮಾಡುವ, ನಿಜಕ್ಕೂ ಬೆಲೆಬಾಳುವ ಔಷಧಿಗಳು. ಮೊದಲನೆಯದರ ಪೇಟೆಂಟ್ ಮೊದಲೇ ಮುಗಿದಿತ್ತು, ಎರಡನೆಯದರದ್ದು 2025ರ ಮಾರ್ಚ್‌ನಲ್ಲಿ ಮುಗಿಯಿತು. ಒಂದು ಮಾತ್ರೆಗೆ 60 ರೂಪಾಯಿ ಆಸುಪಾಸು ಇದ್ದ ಎಂಪಾಗ್ಲಿಫ್ಲೋಜಿನ್ ಹತ್ತು ರೂಪಾಯಿಗಿಂತ ಕಡಿಮೆಗೂ ಸಿಗತೊಡಗಿತು. ಬೆಲೆ ಇಳಿದಿದ್ದು ಖುಷಿಯ ವಿಷಯವೇ. ಆದರೆ ಸಕ್ಕರೆ ಬೆರೆತ ಮೂತ್ರ ಆ ಜಾಗಕ್ಕೆ ತಾಗುತ್ತಲೇ ಇದ್ದರೆ ಫಂಗಸ್‌ಗೆ ಹಬ್ಬ. ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಜನನಾಂಗದ ಫಂಗಸ್ ಸೋಂಕು ಉಳಿದವರಿಗಿಂತ ಮೂರರಿಂದ ಐದು ಪಟ್ಟು ಜಾಸ್ತಿ. ಹೆಂಗಸರಲ್ಲಿ ಇನ್ನೂ ಸಾಮಾನ್ಯ.

ನನಗೆ ಬೇಸರ ತರಿಸುವುದು ಈ ಔಷಧಿ ಅಲ್ಲ. ಬರೆದುಕೊಡುವಾಗ ಈ ಒಂದು ಮಾತು ಬಾಯಿಗೆ ಬರದಿರುವುದು. ಐವತ್ತೈದು ದಾಟಿದ ಅಮ್ಮ ಸಕ್ಕರೆ ಡಾಕ್ಟರ ಹತ್ತಿರ ಹೋಗುತ್ತಾಳೆ, ಅವರು ಮಾತ್ರೆ ಬದಲಿಸುತ್ತಾರೆ. ಆಮೇಲೆ ಶುರುವಾದ ತುರಿಕೆಗೆ ಅವಳು ಸಕ್ಕರೆ ಡಾಕ್ಟರನ್ನು ಕೇಳುವುದಿಲ್ಲ, ನಾಚಿಕೆ. ಹೆಂಗಸರ ಡಾಕ್ಟರ ಹತ್ತಿರ ಹೋದರೆ ಸಕ್ಕರೆ ಮಾತ್ರೆಯ ಹೆಸರು ಹೇಳುವುದಿಲ್ಲ, ಅದಕ್ಕೂ ಇದಕ್ಕೂ ನಂಟಿದೆ ಅಂತ ಅವಳಿಗೆ ಗೊತ್ತಿಲ್ಲ. ಇಬ್ಬರು ಡಾಕ್ಟರ ನಡುವೆ ಕಾರಣ ಕಳೆದುಹೋಗುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೆಲ್ಲಗೆ ವಿಚಾರಿಸಿ ನೋಡಿ. ತುರಿಕೆ ಇದ್ದರೂ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಸಾಮಾನ್ಯವಾಗಿ ಫಂಗಸ್‌ಗೆ ಚಿಕಿತ್ಸೆ ಕೊಟ್ಟು ಮಾತ್ರೆ ಮುಂದುವರಿಸುತ್ತಾರೆ. ಮೂತ್ರ ಮಾಡಿದ ಮೇಲೆ ಬರೀ ನೀರಿನಲ್ಲಿ ತೊಳೆದು ಒರೆಸಿಕೊಳ್ಳುವುದರಿಂದಲೂ ತೊಂದರೆ ಕಡಿಮೆಯಾಗುತ್ತದೆ. ಮತ್ತೆ ಮತ್ತೆ ಬಂದರೆ ಬೇರೆ ಮಾತ್ರೆಗೆ ಬದಲಿಸಬೇಕೋ ಅಂತ ವೈದ್ಯರು ತೀರ್ಮಾನಿಸುತ್ತಾರೆ. ಆ ಭಾಗದಲ್ಲಿ ಜೋರು ನೋವು, ಊತ, ಜೊತೆಗೆ ಜ್ವರ ಬಂದರೆ ಮಾತ್ರ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಅಪರೂಪಕ್ಕೆ ಅದು ಪ್ರಾಣಾಪಾಯದ ಸೋಂಕಾಗಿರಬಹುದು.

ಮರುಕಳಿಸುವ ಫಂಗಸ್‌ಗೆ ಫ್ಲುಕೊನಜೋಲ್‌ನ ಒಂದೇ ಒಂದು 150 ಮಿ.ಗ್ರಾಂ. ಮಾತ್ರೆ ಸಾಲುವುದಿಲ್ಲ. ಮೂರು ದಿನಕ್ಕೊಂದರಂತೆ ಮೂರು ಮಾತ್ರೆ ಕೊಟ್ಟು, ಆಮೇಲೆ ವಾರಕ್ಕೊಂದು ಮಾತ್ರೆಯನ್ನು ಆರು ತಿಂಗಳು ಮುಂದುವರಿಸುತ್ತಾರೆ. 2004ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಆರು ತಿಂಗಳ ಕೊನೆಗೆ ಶೇ. 90ಕ್ಕೂ ಹೆಚ್ಚು ಜನ ಆರಾಮಾಗಿದ್ದರು. ಆದರೆ ಮಾತ್ರೆ ನಿಲ್ಲಿಸಿ ಇನ್ನಾರು ತಿಂಗಳಾದಾಗ ಆರಾಮಾಗಿ ಉಳಿದವರು ಶೇ. 43 ಮಾತ್ರ. ಅಂದರೆ ಇದು ಹತೋಟಿಯಲ್ಲಿಡುವ ದಾರಿ, ಬೇರು ಕಿತ್ತುಹಾಕುವ ದಾರಿ ಅಲ್ಲ. ಇದನ್ನು ಮೊದಲೇ ಹೇಳಿದರೆ, ಮರಳಿ ಬಂದಾಗ ಹೆಣ್ಣುಮಗಳು ತನ್ನನ್ನೇ ಬೈದುಕೊಳ್ಳುವುದಿಲ್ಲ.

ಕೆಲವು ಸಲ ಫಂಗಸ್ಸಿನ ಜಾತಿಯೇ ಬೇರೆ ಇರುತ್ತದೆ. ಮಾಮೂಲಿ ಅಲ್ಬಿಕನ್ಸ್ ಬದಲು ಗ್ಲಾಬ್ರಾಟಾ ಇದ್ದರೆ ಫ್ಲುಕೊನಜೋಲ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಕಲ್ಚರ್ ಪರೀಕ್ಷೆ, ಅಂದರೆ ಸ್ರಾವದಲ್ಲಿರುವ ಫಂಗಸ್ಸನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸದೆ ಇದು ಗೊತ್ತಾಗುವುದಿಲ್ಲ. ಆಗ ಬೋರಿಕ್ ಆಮ್ಲದ 600 ಮಿ.ಗ್ರಾಂ. ಕ್ಯಾಪ್ಸೂಲನ್ನು ಯೋನಿಯೊಳಗೆ ಇಡಲು ಕೊಡುತ್ತಾರೆ. ಅದನ್ನು ಬಾಯಿಗೆ ಹಾಕಿಕೊಂಡರೆ ವಿಷ. ಬಸುರಿಯರಿಗೆ ಕೊಡುವಂತಿಲ್ಲ. ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ.

"ನನಗೆ ಗೊತ್ತು, ಇದು ಫಂಗಸ್ಸೇ" ಅನ್ನುವವರಿಗೆ ಒಂದು ಮಾತು. ಅಮೆರಿಕದಲ್ಲಿ ತಾವಾಗಿಯೇ ಅಂಗಡಿಯಲ್ಲಿ ಫಂಗಸ್ ಮದ್ದು ಕೊಂಡ ಹೆಂಗಸರನ್ನು ಪರೀಕ್ಷಿಸಿದ 2002ರ ಅಧ್ಯಯನದಲ್ಲಿ, ಬರೀ ಫಂಗಸ್ ಇದ್ದಿದ್ದು ಮೂರರಲ್ಲಿ ಒಬ್ಬರಿಗೆ. ಉಳಿದವರಲ್ಲಿ ಬಿ.ವಿ. ಇತ್ತು, ಎರಡೂ ಬೆರೆತಿತ್ತು, ಕೆಲವರಿಗೆ ಯಾವ ಸೋಂಕೂ ಇರಲಿಲ್ಲ.

ಟ್ರೈಕೊಮೊನಾಸ್ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಇದು ಲೈಂಗಿಕವಾಗಿಯೇ ಹರಡುತ್ತದೆ. ಹಳದಿ ಹಸಿರು ನೊರೆಯಂಥ ಸ್ರಾವ ಬರಬಹುದು. ಗಂಡಸಿಗೆ ಲಕ್ಷಣವೇ ಇಲ್ಲದೆ ವರ್ಷಗಟ್ಟಲೆ ಇರಬಹುದು. ಇಬ್ಬರಿಗೂ ಒಟ್ಟಿಗೆ ಮದ್ದು ಆಗಲೇಬೇಕು, ಇಲ್ಲದಿದ್ದರೆ ಅವರೊಳಗೇ ಸುತ್ತುತ್ತಿರುತ್ತದೆ.

ಸೋಂಕೇ ಇಲ್ಲದ ಉರಿ

ಇಲ್ಲಿಗೆ ಬಂದಾಗಲೇ ಬಹಳ ಜನರ ಕಥೆ ದಾರಿ ತಪ್ಪುವುದು. ತುರಿಕೆ ಅಂದ ಕೂಡಲೇ ಸೋಂಕು ಅಂದುಕೊಳ್ಳುತ್ತೇವೆ. ಆದರೆ ತುರಿಕೆ ಒಳಗಿನದೋ ಹೊರಗಿನ ಚರ್ಮದ್ದೋ ಅಂತ ಮೊದಲು ಕೇಳಬೇಕು.

ಹೊರಗಿನ ಚರ್ಮ ಬಹಳ ಸೂಕ್ಷ್ಮ. ಡೆಟಾಲ್ ಹಾಕಿದ ನೀರಿನಲ್ಲಿ ತೊಳೆಯುವುದು, ಪರಿಮಳದ ಸೋಪು, ಪರಿಮಳದ ಪ್ಯಾಡು, ಇಡೀ ದಿನ ಪ್ಯಾಂಟಿ ಲೈನರ್, ಹೊಸ ಬಟ್ಟೆ ಸೋಪಿನ ಪುಡಿ, ಯಾವುದಾದರೂ ಸಾಕು ಚರ್ಮ ಕೆರಳಲು. ವಾಸನೆ ಬಂತೆಂದು ಇನ್ನಷ್ಟು ತೊಳೆಯುತ್ತಾರೆ, ತೊಳೆದಷ್ಟೂ ಉರಿ. ಟಿವಿ ಜಾಹೀರಾತಿನ ಇಂಟಿಮೇಟ್ ವಾಶ್‌ಗಳು ಹೇಳುವ "ಪಿಎಚ್ ಬ್ಯಾಲೆನ್ಸ್" ಮಾತು ಕೇಳಿ ಯಾರೂ ಮರುಳಾಗಬೇಕಿಲ್ಲ. ಒಳಗಿನ ಪಿಎಚ್ ನೋಡಿಕೊಳ್ಳಲು ಒಳಗೇ ಬ್ಯಾಕ್ಟೀರಿಯಾ ಇವೆ. ಹೊರಗೆ ಬರೀ ನೀರು ಸಾಕು, ಒಳಗೆ ನೀರೂ ಬೇಡ.

ಇದಕ್ಕಿಂತ ದೊಡ್ಡ ತಲೆನೋವು ಮಿಕ್ಸ್ ಮುಲಾಮುಗಳು. ಸ್ಟೀರಾಯ್ಡ್, ಆಂಟಿಬಯೋಟಿಕ್, ಫಂಗಸ್ ಮದ್ದು ಮೂರನ್ನೂ ಬೆರೆಸಿದ ಟ್ಯೂಬುಗಳು. ಹಚ್ಚಿದ ದಿನವೇ ತುರಿಕೆ ಮಾಯ. ಹಾಗಾಗಿ ಎಲ್ಲರಿಗೂ ಇಷ್ಟ. ಆದರೆ ತೊಡೆಸಂದಿಯಲ್ಲಿ ಇರುವುದು ಹುಳುಕಡ್ಡಿ ಆಗಿದ್ದರೆ ಸ್ಟೀರಾಯ್ಡ್ ಅದನ್ನು ಮುಚ್ಚಿಟ್ಟು ಬೆಳೆಸುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ನಿಲ್ಲಿಸಿದ ಕೂಡಲೇ ಉರಿ ದುಪ್ಪಟ್ಟಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿ, ಚೀಟಿ ಇಲ್ಲದೆ ಮಾರಬಾರದು ಅಂದಿತು. ಚೀಟಿ ಕೇಳುವ ಅಂಗಡಿ ನಿಮ್ಮ ಬೀದಿಯಲ್ಲಿ ಎಷ್ಟಿವೆ ಅಂತ ನೀವೇ ಲೆಕ್ಕ ಹಾಕಿ.

ತಮಾಷೆ ಅಂದರೆ, ಇದೇ ಜೋರಾದ ಸ್ಟೀರಾಯ್ಡು, ಕ್ಲೊಬೆಟಾಸೋಲ್, ಇನ್ನೊಂದು ಕಾಯಿಲೆಗೆ ಸರಿಯಾದ ಮದ್ದು. ಲೈಕನ್ ಸ್ಕ್ಲೆರೋಸಸ್ ಅನ್ನುವ ಚರ್ಮದ ತೊಂದರೆಯಲ್ಲಿ ಯೋನಿಯ ಹೊರಭಾಗ ಬಿಳಿಚಿ, ತೆಳುವಾಗಿ, ಸುಕ್ಕುಗಟ್ಟುತ್ತದೆ. ರಾತ್ರಿ ನಿದ್ದೆ ಕೆಡಿಸುವಂಥ ತುರಿಕೆ. ಚರ್ಮ ಸೀಳುತ್ತದೆ, ಬರುಬರುತ್ತಾ ಯೋನಿಯ ತುಟಿಗಳ ಆಕಾರವೇ ಅಳಿಯುತ್ತದೆ. ಮುಟ್ಟು ನಿಂತವರಲ್ಲಿ ಜಾಸ್ತಿ, ಪುಟ್ಟ ಹೆಣ್ಣುಮಕ್ಕಳಲ್ಲೂ ಕಾಣುತ್ತದೆ. ಇದಕ್ಕೆ ಕ್ಲೊಬೆಟಾಸೋಲ್ ಅನ್ನು ಲೆಕ್ಕ ಇಟ್ಟು ಮೂರು ತಿಂಗಳು ಹಚ್ಚಿಸಿ, ಆಮೇಲೆ ಕಡಿಮೆ ಮಾಡಿ, ವರ್ಷಗಟ್ಟಲೆ ಕಣ್ಣಿಟ್ಟಿರುತ್ತಾರೆ. ಬಿಟ್ಟರೆ ಕೆಲವರಲ್ಲಿ ಕ್ಯಾನ್ಸರ್ ಆಗುವ ಅಪಾಯ ಇದೆ. ಇಂಥವರು ಎಷ್ಟೋ ವರ್ಷ ಫಂಗಸ್ ಮಾತ್ರೆ ನುಂಗುತ್ತಾ ಕಳೆಯುತ್ತಾರೆ. ಒಂದೇ ಟ್ಯೂಬು ಒಬ್ಬಳಿಗೆ ಹಾನಿ, ಇನ್ನೊಬ್ಬಳಿಗೆ ಬೇಕೇ ಬೇಕು. ಕಣ್ಣಿಟ್ಟು ನೋಡದೆ ಯಾರಿಗೆ ಯಾವುದು ಅಂತ ಹೇಗೆ ಹೇಳುವುದು?

ಮುಟ್ಟು ನಿಂತ ಮೇಲಿನ ಉರಿ ಇನ್ನೊಂದು ದೊಡ್ಡ ಅಧ್ಯಾಯ. ಈಸ್ಟ್ರೋಜನ್ ಇಳಿದರೆ ಯೋನಿಯ ಒಳಪದರ ತೆಳುವಾಗುತ್ತದೆ, ಒಣಗುತ್ತದೆ, ಪಿಎಚ್ ಏರುತ್ತದೆ. ಉರಿ, ಸೇರುವಾಗ ನೋವು, ಮೂತ್ರಕ್ಕೆ ಅವಸರ, ಪದೇ ಪದೇ ಮೂತ್ರದ ಸೋಂಕು. ಮುಟ್ಟು ನಿಂತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರನ್ನು ಇದು ಕಾಡುತ್ತದೆ. ಹಾಲುಣಿಸುವ ಬಾಣಂತಿಯರಲ್ಲೂ ಸ್ವಲ್ಪ ಕಾಲ ಹೀಗಾಗುತ್ತದೆ. ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮನ್ನು ಯೋನಿಯೊಳಗೆ ಬಳಸಿದರೆ ಬಹುತೇಕ ಮುಟ್ಟು ನಿಂತವರಿಗೆ ಆರಾಮ ಸಿಗುತ್ತದೆ. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿ ಮುಂದುವರಿಯಬೇಕು. "ಈ ವಯಸ್ಸಿನಲ್ಲಿ ಇದೆಲ್ಲ ಇದ್ದದ್ದೇ" ಅನ್ನುವ ಉತ್ತರ ಕೇಳಿ ಎದ್ದು ಬರಬೇಡಿ.

ಇವೆಲ್ಲ ಅಲ್ಲದೆ ಅಪರೂಪದ ಕೆಲವು ಇವೆ. ಸೋಂಕಿಲ್ಲದೆ ಒಳಪದರವೇ ಉರಿಯೂತಕ್ಕೆ ಬಂದು ಹಳದಿ ಸ್ರಾವ ಸುರಿಯುವುದು ಒಂದು. ನೋಡಲು ಏನೂ ಕಾಣದೆ ಬರೀ ನರದ ನೋವಿನಂತೆ ಉರಿಯುವ ವಲ್ವೊಡಿನಿಯಾ ಇನ್ನೊಂದು. ವಲ್ವೊಡಿನಿಯಾಕ್ಕೆ ಫಂಗಸ್ ಮಾತ್ರೆ ಎಷ್ಟು ಕೊಟ್ಟರೂ ಪ್ರಯೋಜನ ಇಲ್ಲ.

ಗರ್ಭಕೋಶ ತೆಗೆಸಿದರೆ ವಾಸಿಯಾಗುತ್ತದೆಯೇ?

ಇದನ್ನು ಬರೆಯಲೇಬೇಕು. 2015ರ ಆಸುಪಾಸಿನಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ದಲಿತ ಹೆಣ್ಣುಮಕ್ಕಳು ಹೊಟ್ಟೆನೋವು, ಸೊಂಟನೋವು, ಬಿಳಿ ಸೆರಗು ಅಂತ ಖಾಸಗಿ ಆಸ್ಪತ್ರೆಗಳಿಗೆ ಹೋಗಿ ಗರ್ಭಕೋಶ ಕಳೆದುಕೊಂಡು ಬಂದ ವಿಷಯ ದೊಡ್ಡ ಸುದ್ದಿಯಾಗಿತ್ತು. ಆರೋಗ್ಯ ಇಲಾಖೆಯ ತನಿಖೆಯೂ ನಡೆಯಿತು. ದೇಶದ ಬೇರೆ ಕಡೆಯ ಇಂಥವೇ ಪ್ರಕರಣಗಳ ಮೇಲೆ ಡಾ. ನರೇಂದ್ರ ಗುಪ್ತಾ ಹೂಡಿದ್ದ ಅರ್ಜಿಯಲ್ಲಿ, 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ರಾಜ್ಯಗಳಿಗೆ ಹೇಳಿತು.

ಅನ್ಯಾಯದ ಮಾತು ಹಾಗಿರಲಿ, ವೈದ್ಯಕೀಯ ಲೆಕ್ಕದಲ್ಲೂ ಇದು ಅಸಂಬದ್ಧ. ಉರಿಯೂತ ಇರುವುದು ಯೋನಿಯಲ್ಲಿ. ಗರ್ಭಕೋಶ ತೆಗೆದರೂ ಯೋನಿ ಅಲ್ಲೇ ಇರುತ್ತದೆ, ಬಿ.ವಿ.ಯೂ ಫಂಗಸ್ಸೂ ಮತ್ತೆ ಬರುತ್ತವೆ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಈಸ್ಟ್ರೋಜನ್ ಒಮ್ಮೆಲೇ ನಿಂತು, ಮೂವತ್ತರ ಹರೆಯದಲ್ಲೇ ಒಣಗುವಿಕೆಯ ಉರಿ ಹೊಸದಾಗಿ ಸೇರಿಕೊಳ್ಳುತ್ತದೆ. ಬರೀ ಬಿಳಿ ಸೆರಗಿಗೆ ಯಾರಾದರೂ ಆಪರೇಷನ್ ಹೇಳಿದರೆ ಇನ್ನೊಬ್ಬ ವೈದ್ಯರನ್ನು ಕಾಣದೆ ಒಪ್ಪಬೇಡಿ.

ಪರೀಕ್ಷೆ ಅಂದರೆ ಏನು?

ದೊಡ್ಡ ಯಂತ್ರ ಏನೂ ಬೇಡ. ಒಂದು ತುಂಡು ಪಿಎಚ್ ಕಾಗದ, ಗಾಜಿನ ಸ್ಲೈಡು, ಉಪ್ಪುನೀರು, ಒಂದು ತೊಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಒಂದು ಮೈಕ್ರೋಸ್ಕೋಪು. ಸ್ರಾವದ ಮೇಲೆ ಆ ತೊಟ್ಟು ಬಿದ್ದಾಗ ಮೀನಿನ ವಾಸನೆ ಬಂದರೆ ಬಿ.ವಿ. ಕಡೆಗೆ ಬೆರಳು ತೋರುತ್ತದೆ. ಸ್ಲೈಡಿನಲ್ಲಿ ಬ್ಯಾಕ್ಟೀರಿಯಾ ಮೆತ್ತಿಕೊಂಡ ಕೋಶ ಕಂಡರೂ ಹಾಗೇ. ಫಂಗಸ್ಸಿನ ಎಳೆಗಳು ಕಾಣಬಹುದು. ಟ್ರೈಕೊಮೊನಾಸ್ ಇದ್ದರೆ ಓಡಾಡುತ್ತಿರುವುದೇ ಕಾಣಬಹುದು. ಬಿ.ವಿ. ಗುರುತಿಸುವ ಈ ಲೆಕ್ಕ ಹೊಸದೇನಲ್ಲ, 1983ರಿಂದ ಇದೆ. ನಾಲ್ಕಾರು ನಿಮಿಷದ ಕೆಲಸ.

ಹಾಗಿದ್ದರೂ ಯಾಕೆ ಆಗುವುದಿಲ್ಲ? ಒಪಿಡಿ ಮುಂದೆ ಸಾಲು ಸಾಲು ಜನ. ಪರದೆ ಇಲ್ಲದ ಕೋಣೆ. ಕೆಲವು ಸಲ ಮೈಕ್ರೋಸ್ಕೋಪು ಇದ್ದರೂ ಕೂರುವವರು ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳಿಗೆಂದೇ ಇರುವ ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಯೋನಿ ಸ್ರಾವಕ್ಕೆ ಹಸಿರು ಬಣ್ಣದ ಕಿಟ್ ಕೊಡುತ್ತಾರೆ. ಅದರಲ್ಲಿ ಸೆಕ್ನಿಡಜೋಲ್, ಫ್ಲುಕೊನಜೋಲ್ ಇರುತ್ತವೆ. ಲ್ಯಾಬ್ ಇಲ್ಲದ ಊರಿನಲ್ಲೂ ಯಾರೂ ಬರಿಗೈಯಲ್ಲಿ ಹೋಗಬಾರದು ಅಂತ ಮಾಡಿದ ವ್ಯವಸ್ಥೆ ಅದು. ಮೊದಲ ಸಲ ಬಂದವರಿಗೆ ನಾನು ಅದನ್ನು ತಪ್ಪು ಅನ್ನುವುದಿಲ್ಲ. ಮೂರನೆಯ ಸಲವೂ ಅದೇ ಹಸಿರು ಕಿಟ್ ಕೊಟ್ಟರೆ ಮಾತ್ರ ತಕರಾರಿದೆ.

ಮದುವೆಯಾಗದ ಹುಡುಗಿಯರ ಪಾಡು ಇನ್ನೂ ಬೇರೆ. "ಮದುವೆ ಆಗಿದೆಯಾ?" ಅಂತ ಕೇಳಿ, ಇಲ್ಲ ಅಂದರೆ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ. ಅದರ ಅವಶ್ಯಕತೆ ಇಲ್ಲ. ತೆಳುವಾದ ಹತ್ತಿಕಡ್ಡಿಯಿಂದ ಹುಡುಗಿಯೇ ಸ್ಯಾಂಪಲ್ ತೆಗೆದುಕೊಡಬಹುದು. ಬಹುಪಾಲು ಪರೀಕ್ಷೆಗಳಿಗೆ ಅದು ಸಾಕಾಗುತ್ತದೆ. ಫಂಗಸ್, ಬಿ.ವಿ. ಎರಡೂ ಮದುವೆಯಾಗದವರಿಗೂ ಬರುತ್ತವೆ. ಫಂಗಸ್‌ಗಂತೂ ಲೈಂಗಿಕ ಸಂಬಂಧ ಬೇಕೇ ಇಲ್ಲ.

ಮನೆಮದ್ದಿನ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ಮೊಸರು ತಿನ್ನಿ, ಚೆನ್ನಾಗಿರುತ್ತದೆ. ಆದರೆ ಹಚ್ಚಬೇಡಿ. ಮೊಸರಿನ ಬ್ಯಾಕ್ಟೀರಿಯಾಗಳ ಜಾತಿ ಬೇರೆ, ಯೋನಿಯ ಕಾವಲಿನವು ಬೇರೆ. ಯೋನಿಯದೇ ಆದ ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪೇಟಸ್ ಅನ್ನು ಒಳಗಿಟ್ಟು ನೋಡಿದ 2020ರ ಪ್ರಯೋಗದಲ್ಲಿ ಬಿ.ವಿ. ಮರಳುವಿಕೆ ಶೇ. 45ರಿಂದ ಶೇ. 30ಕ್ಕೆ ಇಳಿದಿತ್ತು. ಆಸೆ ಹುಟ್ಟಿಸುವ ದಾರಿ. ಅಂಗಡಿಯ ಪ್ರೋಬಯೋಟಿಕ್ ಕ್ಯಾಪ್ಸೂಲು ಅದೇ ಅಲ್ಲ. ಬೆಳ್ಳುಳ್ಳಿ, ಬೇವು, ಅರಿಶಿನ ಯಾವುದನ್ನೂ ಒಳಗೆ ಇಡಬೇಡಿ. ಕೆರಳಿದ ಜಾಗಕ್ಕೆ ಅದು ಇನ್ನಷ್ಟು ಉರಿ.

ಕೆಲವು ಲಕ್ಷಣಗಳಿಗೆ ಕಾಯುವುದೇ ಬೇಡ. ಗಂಡನ ಜೊತೆ ಸೇರಿದ ಮೇಲೆ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ರಕ್ತ ಬೆರೆತ ಗಬ್ಬು ವಾಸನೆಯ ಸ್ರಾವ ಇದ್ದರೆ ಗರ್ಭಕೋಶದ ಕೊರಳನ್ನು ನೋಡಿಸಿ, ಕ್ಯಾನ್ಸರ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಕೆಳಹೊಟ್ಟೆ ನೋವಿನ ಜೊತೆ ಜ್ವರ ಬಂದರೆ ಆ ದಿನವೇ ಹೋಗಬೇಕು. ಗುಣವಾಗದ ಹುಣ್ಣು, ಗಂಟು ಇದ್ದರೂ ತಡ ಮಾಡಬಾರದು. ಬಸುರಿಯರು ತಾವಾಗಿ ಫ್ಲುಕೊನಜೋಲ್ ಮಾತ್ರೆ ನುಂಗಬಾರದು. ಅವರಿಗೆ ಯೋನಿಯೊಳಗೆ ಇಡುವ ಕ್ಲೊಟ್ರಿಮಜೋಲ್ ಇದೆ. ಬಿ.ವಿ.ಗೂ ಅವಧಿಗೆ ಮುಂಚಿನ ಹೆರಿಗೆಗೂ ನಂಟಿರುವುದರಿಂದ ಬಸುರಿನಲ್ಲಿ ವಾಸನೆಯ ಸ್ರಾವವನ್ನು ವೈದ್ಯರಿಗೆ ಹೇಳಲೇಬೇಕು.

ಉಳಿದವರು ಒಂದು ದಿನ ಗೊತ್ತು ಮಾಡಿಕೊಂಡು ಹೋಗಿ. ಮುಟ್ಟಿನ ದಿನ ಬೇಡ. ಅದಕ್ಕೆ ಎರಡು ಮೂರು ದಿನ ಮುಂಚಿನಿಂದ ಕ್ರೀಮು, ಒಳಗಿಡುವ ಮಾತ್ರೆ, ಒಳಗೆ ತೊಳೆಯುವುದು, ಸೇರುವುದು ಎಲ್ಲ ನಿಲ್ಲಿಸಿ. ಇಲ್ಲದಿದ್ದರೆ ಸ್ಲೈಡಿನಲ್ಲಿ ಏನೂ ಸಿಗುವುದಿಲ್ಲ. ಇದುವರೆಗೆ ತೆಗೆದುಕೊಂಡ ಮಾತ್ರೆಗಳ ಖಾಲಿ ಪ್ಯಾಕು, ಹಚ್ಚಿದ ಟ್ಯೂಬು, ಸಕ್ಕರೆ ಬಿಪಿ ಮಾತ್ರೆಗಳು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ತುರಿಕೆ ಒಳಗೋ ಹೊರಗೋ, ವಾಸನೆ ಯಾವಾಗ ಜಾಸ್ತಿ, ಯಾವ ಮದ್ದಿಗೆ ಎಷ್ಟು ದಿನ ಆರಾಮಾಯಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವೈದ್ಯರು ನೋಡದೆ ಮಾತ್ರೆ ಬರೆಯಲು ಹೊರಟರೆ, "ಮೇಡಂ, ಸ್ಲೈಡ್ ಟೆಸ್ಟ್ ಮತ್ತೆ ಕಲ್ಚರ್ ಒಂದ್ಸಲ ಮಾಡಿಸಬಹುದಾ? ಶುಗರ್ ಟೆಸ್ಟೂ ಬರೆದುಕೊಡಿ" ಅಂತ ಕೇಳಿ. ವರದಿಯ ಒಂದು ಪ್ರತಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಮುಂದಿನ ಸಲ ಬೇರೆ ವೈದ್ಯರ ಹತ್ತಿರ ಹೋದರೂ ಮೊದಲಿನಿಂದ ಶುರು ಮಾಡಬೇಕಾಗುವುದಿಲ್ಲ.